ಕೊಳವೆ ಬಾವಿಗೆ ಗಂಜಿ ಕುಡಿಸಿದ ಹುಲಿಗೆವ್ವ

ಹುಬ್ಬಳ್ಳಿ ಪಕ್ಕದ ಉಣಕಲ್ಲಿನ ಹುಲಿಗೆವ್ವನ ಗಂಜಿ ಎಂಥದಾಗಿತ್ತು ಎಂದು ತಿಳಿಯಬೇಕಾದರೆ ಮೊದಲು ಕಾಗೆಯ ಸಂಗತಿ ಹೇಳಬೇಕು. ಅಂಗಳದಲ್ಲಿ ಆರಲಿಕ್ಕೆ ಇಟ್ಟಿದ್ದ ಗಂಜಿಗೆ ಒಂದು ಕಾಗೆ ಬಾಯಿ ಹಾಕಿತಂತೆ. ಮೇಲಿನ ಕೊಕ್ಕು ಕೆಳಗಿನ ಕೊಕ್ಕಿಗೆ ಅಂಟಿಕೊಂಡುಬಿಟ್ಟಿತು. ಪಾಪ, ಅದು ಮೂಗಿನಿಂದಲೇ ಕೂಗುತ್ತ ತಿರುಗಾಡಿತು. ಆ ದನಿ ಕೇಳಿದ ಊರವರು ಕೋಗಿಲೆ ಬಂತೆಂದು ತಿಳಿದು ಆ ವರ್ಷ ಯುಗಾದಿಯನ್ನು ಒಂದು ತಿಂಗಳು ಮೊದಲೇ ಮಾಡಿ ಮುಗಿಸಿದರು. ಇದನ್ನು ನಂಬಲೇಬೇಕೆಂಬ ಹಟ ನನಗಿಲ್ಲ. ಮುಂದೆ ಹೇಳುವುದು ಮಾತ್ರ ಖರೆ. ಖರೆಗೆ ಎಷ್ಟು ಉಪ್ಪು ಹಾಕಬೇಕೋ ಅಷ್ಟನ್ನೇ ಹಾಕಿದ್ದೇನೆ.

ಗಂಜಿ ಎಂದರೆ ಜ್ವರ ಬಂದವರು ಕುಡಿಯುವ ಗಂಜಿಯಲ್ಲ. ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಬಳಿಯುವ ಗಂಜಿ. ಹುಣಸೆ ಬೀಜವನ್ನು ಹುರಿದು, ಮೇಲಿನ ಕೆಂಪು ಸಿಪ್ಪೆ ಕುಟ್ಟಿ ತೆಗೆದು, ಒಳಗಿನ ಬಿಳಿ ಬೇಳೆಯನ್ನು ಬೀಸಿ, ನೆನೆಹಾಕಿ, ಕೊಪ್ಪರಿಗೆಯಲ್ಲಿ ಕುದಿಸಬೇಕು. ಹಸಿ ಹಿಟ್ಟನ್ನೇ ನೀರಿಗೆ ಸುರಿದರೆ ಗಂಟುಗಂಟಾಗಿ ಕೂಡುತ್ತದೆ, ಯಾವ ಕೆಲಸಕ್ಕೂ ಬರುವುದಿಲ್ಲ. ಬೆಂಕಿ ಕಂಡ ಮೇಲೆಯೇ ಅದರ ಸ್ವಭಾವ ಬದಲಾಗಿ, ಸೌಟು ಎತ್ತಿದರೆ ಉದ್ದಕ್ಕೆ ಎಳೆ ಬಿಡುತ್ತದೆ. ಅದನ್ನು ಬಳಿದ ನೂಲು ಮಗ್ಗದ ಮೇಲೆ ಹರಿಯುವುದಿಲ್ಲ, ಕಂಬಳಿಯೊಳಗೆ ಮಳೆ ಇಳಿಯುವುದಿಲ್ಲ. ಹುಲಿಗೆವ್ವನ ಗಂಜಿ ಬಿದ್ದ ಕಂಬಳಿಯನ್ನು ಒಬ್ಬಾತ ಬಾಗಿಲ ಹತ್ತಿರ ನಿಲ್ಲಿಸಿ ಮಲಗಿದ್ದನಂತೆ. ಹೌದು, ಹಾಸಿ ಅಲ್ಲ, ನಿಲ್ಲಿಸಿ. ಕಳುವಿಗೆ ಬಂದವನು ಯಜಮಾನ ಎಚ್ಚರಿದ್ದಾನೆಂದು ತಿಳಿದು ಅದಕ್ಕೆ ಕೈಮುಗಿದು, ಊಟ ಆಯಿತೇ ಎಂದು ಕೇಳಿ, ಉತ್ತರ ಬರದಿದ್ದಕ್ಕೆ ಸಿಟ್ಟು ಮಾಡಿಕೊಂಡು ಹೊರಟುಹೋದನಂತೆ.

ಹುಲಿಗೆವ್ವ ಎತ್ತರದ ಹೆಂಗಸು. ದನಿ ಆಕೆಗಿಂತ ಎತ್ತರ. ಉಣಕಲ್ ಕೆರೆಯ ಈ ದಂಡೆಯಲ್ಲಿ ನಿಂತು ಎಮ್ಮೆಯನ್ನು ಕರೆದರೆ ಆ ದಂಡೆಯ ಎಮ್ಮೆಗಳೂ ಎದ್ದು ಬರುತ್ತಿದ್ದವು. ಗಂಡ ಪ್ಲೇಗಿನಲ್ಲಿ ಹೋದ. ಮಕ್ಕಳಿರಲಿಲ್ಲ. ಅತ್ತೆ ಸಾಯುವಾಗ ಬಿಟ್ಟುಹೋದದ್ದು ಒಂದು ತಾಮ್ರದ ಕೊಪ್ಪರಿಗೆ ಮತ್ತು ಒಂದು ಹುಳಿಗಡಿಗೆ. ಆ ಗಡಿಗೆಯಲ್ಲಿ ಹಿಂದಿನ ಸಲದ ಗಂಜಿ ಯಾವಾಗಲೂ ಸ್ವಲ್ಪ ಉಳಿದಿರುತ್ತಿತ್ತು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸ ಗಂಜಿಗೆ ಅದರಿಂದ ಒಂದು ಸೌಟು ಹಾಕಬೇಕು. ಹುಳಿತ ಗಂಜಿ ತೆಳುವಾಗಿ ಉಣ್ಣೆಯ ಎಳೆಯೊಳಗೆ ಇಳಿಯುತ್ತದೆ ಎಂದು ನೇಕಾರರು ಬೇರೆಯವರ ಗಂಜಿ ಬಿಟ್ಟು ಈಕೆಯ ಮನೆಗೇ ಬರುತ್ತಿದ್ದರು. ಅತ್ತೆಯ ಅತ್ತೆಯ ಕಾಲದಿಂದ ಆ ಗಡಿಗೆಯನ್ನು ಯಾರೂ ತೊಳೆದಿರಲಿಲ್ಲ. ತೊಳೆದರೆ ಮನೆತನದ ಕೈಗುಣ ನೀರಿನ ಜೊತೆ ಹರಿದು ಹೋಗುತ್ತದೆಂದು ನಂಬಿಕೆ.

ಆದರೆ ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲು ಪೇಟೆಗೆ ಗಿರಣಿಯ ಚಾದರಗಳು ರಾಶಿ ರಾಶಿ ಬಂದವು. ಮೆತ್ತಗೆ, ಹಗುರ, ಮೇಲೆ ನವಿಲಿನ ಚಿತ್ರ ಬೇರೆ. ನಮ್ಮ ಕಂಬಳಿ ಚುಚ್ಚುತ್ತದೆ ಎಂಬುದು ಜನರಿಗೆ ಆಗ ನೆನಪಾಯಿತು. ಮಗ್ಗಗಳು ಒಂದೊಂದೇ ನಿಂತವು. ಹುಲಿಗೆವ್ವನ ಕೊಪ್ಪರಿಗೆ ವಾರಗಟ್ಟಲೆ ಒಲೆ ಕಾಣದೆ ಬೋರಲು ಬಿದ್ದುಕೊಂಡಿತು.

ಆಗ ಆಕೆಯ ತಮ್ಮ ಶಿದ್ದಪ್ಪ ಸೊಲ್ಲಾಪುರದಿಂದ ಬಂದ. ಅಲ್ಲಿಯ ಗಿರಣಿಯಲ್ಲಿ ಅವನಿಗೆ ಕೆಲಸ. ಅಕ್ಕನನ್ನು ಕರೆದುಕೊಂಡು ಹೋಗಲಿಕ್ಕೆಂದೇ ರಜೆ ಹಾಕಿ ಬಂದಿದ್ದ. ಮನಸ್ಸು ಒಳ್ಳೆಯದು, ಆದರೆ ಒಳ್ಳೆಯ ಮನಸ್ಸಿನವರು ಹಟ ಹಿಡಿದರೆ ಬಿಡಿಸುವುದು ಕಷ್ಟ. ಕೊಪ್ಪರಿಗೆ ಮಾರಿ ನನ್ನ ಜೊತೆ ಬಂದುಬಿಡು, ನನ್ನ ಮನೆಯಲ್ಲಿ ಕೂತು ಉಣ್ಣು ಎಂದ.

"ಕೂತು ಉಣ್ಣಾಕ ನನಗ ಬರಂಗಿಲ್ಲೋ ತಮ್ಮಾ," ಎಂದಳು ಹುಲಿಗೆವ್ವ. "ನಿನ್ನ ಹೇಂತಿ ಒಲಿ ಮುಂದ ನಾ ಹ್ಯಾಂಗ ಕೂಡ್ಲಿ? ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂದ್ರ ಆಕಿಗೆ ಸಿಟ್ಟು. ಅನ್ನಲಾರದ ಸುಮ್ನ ಇದ್ರ ನನಗ ಹೊಟ್ಟಿನೋವು."

"ಇಲ್ಲಿದ್ರ ಉಪ್ಪು ಹಾಕಾಕ ಸಾರಾದ್ರೂ ಎಲ್ಲೈತಿ ಅಕ್ಕಾ?"

ಹುಲಿಗೆವ್ವ ಎದ್ದು ಬೋರಲು ಬಿದ್ದ ಕೊಪ್ಪರಿಗೆಯ ಧೂಳು ಒರೆಸಿದಳು. ತನ್ನ ಒಲೆ, ತನ್ನ ಕೆಲಸ ಉಳಿಯಬೇಕಾದರೆ ತಮ್ಮನ ರಜೆ ಮುಗಿಯುವುದರೊಳಗೆ ಏನಾದರೂ ದಾರಿ ಕಾಣಬೇಕಿತ್ತು.

ದಾರಿ ಸೈಕಲ್ ಮೇಲೆ ಬಂತು. ಧಾರವಾಡದ ಏಕನಾಥರಾಯರು. ಅವರದು ಸಂಗೀತದ ಮನೆತನ. ಅವರ ಮನೆಯ ಬೆಕ್ಕು ಸಹ ಹಾಲಿಗಾಗಿ ಕೂಗಬೇಕಾದರೆ ಮೊದಲು ಷಡ್ಜ ಹಿಡಿದು ನೋಡುತ್ತಿತ್ತು. ಇವರೊಬ್ಬರು ಮಾತ್ರ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, ನೆಲ ಕೊರೆಯುವ ಯಂತ್ರ ತಂದು, ಬೋರ್ ಹಾಕುವ ಗುತ್ತಿಗೆ ಹಿಡಿದಿದ್ದರು. ರಾಯಾಪುರದ ಹತ್ತಿರ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಗೆ ನೀರು ಬೇಕಾಗಿತ್ತು. ಅಲ್ಲಿ ಕೊರೆಯುತ್ತಿದ್ದರು. ಕೊಳವೆಗೆ ಕಟ್ಟಿದ ಅಡ್ಡಗೋಲು ಹಿಡಿದು ಗಾಣದೆತ್ತಿನ ಹಾಗೆ ಸುತ್ತುವ ಗಂಡಾಳುಗಳಲ್ಲಿ ನಾನೂ ಒಬ್ಬ. ಆದ್ದರಿಂದ ಮುಂದಿನದಕ್ಕೆಲ್ಲ ನನ್ನ ಎರಡು ಕಣ್ಣೇ ಸಾಕ್ಷಿ, ಅವು ಆಗ ಸ್ವಲ್ಪ ತಿರುಗುತ್ತಿದ್ದವು ನಿಜ.

ಕೊರೆಯುವ ರೀತಿ ಹೀಗೆ. ಮಣ್ಣು ಕಲಸಿದ ರಾಡಿಯನ್ನು ಪಂಪಿನಿಂದ ಕೊಳವೆಯೊಳಗೆ ಒತ್ತುತ್ತಾರೆ. ಅದು ತಳಕ್ಕೆ ಹೋಗಿ, ಕೊರೆದ ಚೂರುಗಳನ್ನು ಹೊತ್ತುಕೊಂಡು, ಕೊಳವೆಯ ಹೊರಗಿನಿಂದ ಮೇಲೆ ಬಂದು ಹೊಂಡಕ್ಕೆ ಬೀಳುತ್ತದೆ. ಚೂರು ಕೆಳಗೆ ಕೂಡುತ್ತವೆ, ರಾಡಿಯನ್ನು ಮತ್ತೆ ಒಳಗೆ ಕಳಿಸುತ್ತಾರೆ. ಹೇಳಲಿಕ್ಕೆ ಸುಲಭ. ಆದರೆ ನಮ್ಮ ಕಪ್ಪು ಎರೆಮಣ್ಣಿಗೆ ನೀರು ಕಂಡರೆ ಬೀಗರ ಮನೆಯ ಊಟ ಕಂಡ ಹಾಗೆ. ರಾಡಿಯೊಳಗಿನ ನೀರನ್ನೆಲ್ಲ ಕುಡಿದು, ಉಬ್ಬಿ, ಕೊಳವೆಯನ್ನು ಕಚ್ಚಿ ಹಿಡಿಯುತ್ತಿತ್ತು. ಅದರ ಕೆಳಗಿನ ಪುಡಿಗಲ್ಲಿನ ಗರಸು ಸಡಿಲಾಗಿ ಒಳಗೇ ಕುಸಿಯುತ್ತಿತ್ತು. ನಾವು ಹಗಲೆಲ್ಲ ಕೊರೆದ ತೂತನ್ನು ಭೂಮಿ ತಾನೇ ಮುಚ್ಚಿಕೊಂಡು ಮರುದಿನ ಏನೂ ಅರಿಯದವರ ಹಾಗೆ ಕೂತಿರುತ್ತಿತ್ತು.

ಪರದೇಶದಲ್ಲಿ ಎಣ್ಣೆಯ ಬಾವಿ ಕೊರೆಯುವವರು ರಾಡಿಗೆ ಮೆಕ್ಕೆಜೋಳದ ಗಂಜಿ ಬೆರೆಸುತ್ತಾರೆಂದು ರಾಯರು ಎಲ್ಲೋ ಓದಿದ್ದರು. ಗಂಜಿಯ ಎಳೆಗಳು ತೂತಿನ ಗೋಡೆಗೆ ಪೊರೆಯಂತೆ ಕೂತರೆ ನೀರು ಸೋರುವುದಿಲ್ಲ, ಮಣ್ಣು ಉಬ್ಬುವುದಿಲ್ಲ ಎಂಬ ಲೆಕ್ಕ. ಉತ್ಸಾಹದಲ್ಲಿ ಜೋಳದ ಹಿಟ್ಟನ್ನೇ ರಾಡಿಗೆ ಸುರಿಸಿದರು. ಪಂಪಿನಿಂದ ಕಡಬಿನ ಗಾತ್ರದ ಮುದ್ದೆಗಳು ಬಂದವು. ಬೋರಿನ ಮೇಸ್ತ್ರಿ ಹುಚ್ಚಪ್ಪ, ಶಿರಗುಪ್ಪಿಯವನು, ಕೊಳವೆಗೆ ಕಿವಿಯಿಟ್ಟು ಒಳಗಿನ ಹಕೀಕತ್ತು ಹೇಳುವವನು, ಭೂಮಿಗೆ ಅಜೀರ್ಣವಾಗಿದೆ ಎಂದು ವರದಿ ಕೊಟ್ಟ. ಗಂಟಿಲ್ಲದ ಗಂಜಿ ಬೇಕಾದರೆ ಉಣಕಲ್ಲಿಗೆ ಹೋಗಿರಿ ಎಂದೂ ಅವನೇ ಹೇಳಿದ.

ರಾಯರು ಸೈಕಲ್ ಇಳಿದು ಅಂಗಳದಲ್ಲಿ ನಿಂತು, ತಮ್ಮ ಬೋರಿಗೆ ಗಂಜಿ ಬೇಕಾಗಿದೆ ಎಂದರು.

"ಬೋರಿಗೆ ಚಳಿ ಹತ್ತೇತೇನ್ರಿ ರಾಯರ?" ಎಂದಳು ಹುಲಿಗೆವ್ವ. "ಕಂಬಳಿ ಹೊಚ್ಚತೀರೇನು?"

"ಒಳಗಿನ ಗೋಡಿ ಸಾರಸಬೇಕಾಗ್ಯದ ಹುಲಿಗೆವ್ವ. ಅಲ್ಲಿ ಯಾರ ಕೈನೂ ಹೋಗೂದಿಲ್ಲ. ಅದಕ್ಕ ಗಂಜೀನ ಕಳಸಬೇಕು ಅಂತೇನಿ."

ಗೋಡೆ ಸಾರಿಸುವ ಮಾತು ಆಕೆಗೆ ತಟ್ಟನೆ ತಿಳಿಯಿತು. ಸಗಣಿ ಸಾರಿಸಿದ ಗೋಡೆ ಮಣ್ಣು ಉದುರಿಸುವುದಿಲ್ಲವಲ್ಲ. ಆದರೆ ಒಪ್ಪಿಕೊಳ್ಳುವ ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಕೊಡ್ತೇನ್ರಿ. ಆದ್ರ ಇದೊಂದ ಬಾವಿಗಲ್ಲ. ತೂತು ಕುಸೀಲಾರದ ನಿಂತ್ರ ನೀವು ಕೊರಿಯೋ ಎಲ್ಲಾ ಬಾವಿಗೂ ನನ್ನ ಗಂಜೀನ ಆಗಬೇಕು."

ರಾಯರು ಆಗಲಿ ಎಂದರು. ಪಡಸಾಲೆಯಲ್ಲಿ ಕೂತಿದ್ದ ಶಿದ್ದಪ್ಪನ ಕಡೆಗೆ ಆಕೆ ತಿರುಗಿ ನೋಡಿದಳು. ತೂತು ನಿಲ್ಲದಿದ್ದರೆ ತಾನೇ ಗಂಟು ಕಟ್ಟಿಕೊಂಡು ಗಾಡಿ ಹತ್ತುತ್ತೇನೆ ಎಂದು ಮಾತು ಕೊಟ್ಟಳು. ಹುಲಿಗೆವ್ವ ಮಾತು ಕೊಟ್ಟರೆ ಅದು ಆಕೆಯ ಗಂಜಿಯ ಹಾಗೆ, ಅಂಟಿಕೊಂಡಿತೆಂದರೆ ಬಿಡುವುದಲ್ಲ.

ಕೊಪ್ಪರಿಗೆ ಒಲೆ ಏರಿತು. ಗಂಜಿ ಕುದಿದು ಆರಿದ ಮೇಲೆ ಪದ್ಧತಿಯ ಪ್ರಕಾರ ಹುಳಿಗಡಿಗೆಯಿಂದ ಒಂದು ಸೌಟು ಹೆಪ್ಪು ಬಿತ್ತು. ಬಂಡಿಯಲ್ಲಿ ರಾಯಾಪುರಕ್ಕೆ ಬಂದು ರಾಡಿಯ ಹೊಂಡಕ್ಕೆ ಇಳಿಯಿತು. ಏನು ಹೇಳಲಿ, ಕೊಳವೆ ಎಣ್ಣೆ ಹಚ್ಚಿದ ಹಾಗೆ ತಿರುಗಲಿಕ್ಕೆ ಹತ್ತಿತು. ನಾವು ಗೋಲು ತಳ್ಳುವ ಬದಲು ಗೋಲೇ ನಮ್ಮನ್ನು ಎಳೆದುಕೊಂಡು ಹೋಗುತ್ತಿತ್ತು. ಒಬ್ಬನ ರುಮಾಲು ಬಿಚ್ಚಿ ಹಾರಿ, ಧಾರವಾಡದ ಕಡೆಗೆ ಹೋಗುವ ಬಸ್ಸಿನ ಮೇಲೆ ಕೂತು ಧಾರವಾಡ ನೋಡಿಕೊಂಡು ಸಂಜೆ ವಾಪಸು ಬಂತು. ಹೊಂಡದಿಂದ ಬೆರಳಿಗೆ ಹತ್ತಿದ ರಾಡಿ ರೇಷ್ಮೆಯಂತೆ ಜಾರುತ್ತಿತ್ತು. ರಾಯರು ಒಂದು ಬಟ್ಟೆಯ ಮೇಲೆ ಅದನ್ನು ಸುರಿದು ಕೆಳಗೆ ಎಷ್ಟು ನೀರು ಸೋರುತ್ತದೆಂದು ನೋಡಿದರು. ತೊಟ್ಟು ತೊಟ್ಟಾಗಿಯೂ ಬರಲಿಲ್ಲ. ಹುಲಿಗೆವ್ವ ಅಂದು ಸಂಜೆ ತಮ್ಮನಿಗೆ ಹೋಳಿಗೆ ಮಾಡಿ ಹಾಕಿದಳು. ಹೋಗುವವನಿಗೆ ದಾರಿಯ ಊಟ ಎಂದಳಂತೆ.

ಆದರೆ ಅದು ಬೇಸಿಗೆ. ಕೆಲವು ದಿನಗಳಲ್ಲಿ ಹೊಂಡದ ಮೇಲೆ ಗುಳ್ಳೆ ಏಳಲಿಕ್ಕೆ ಹತ್ತಿದವು. ರಾಡಿ ತೆಳ್ಳಗಾಯಿತು. ಹುಲಿಗೆವ್ವ ಬಂದು ಮೂಸಿದಳು, ಬೆರಳಿಂದ ತೀಡಿ ನೋಡಿದಳು. ಕಂಬಳಿಯ ಕೆಲಸದಲ್ಲಿ ಗಂಜಿ ಹಿಡಿಯಲಿಲ್ಲವೆಂದರೆ ಹೆಪ್ಪು ಸಾಲಲಿಲ್ಲವೆಂದು ಅರ್ಥ. ಆಕೆ ಸಂಶಯಪಡಲೇ ಇಲ್ಲ. ಹುಳಿಗಡಿಗೆಯನ್ನೇ ತರಿಸಿ, ತಳದಲ್ಲಿ ಒಂದಿಷ್ಟು ಉಳಿಸಿಕೊಂಡು, ಮಿಕ್ಕದ್ದನ್ನೆಲ್ಲ ಹೊಂಡಕ್ಕೆ ಸುರಿದಳು. ಹೆಪ್ಪು ಹೆಚ್ಚಾದರೆ ಹಿಡಿತ ಹೆಚ್ಚು ಎಂದು ನಮಗೆಲ್ಲ ಧೈರ್ಯವನ್ನೂ ಹೇಳಿದಳು.

ಮರುದಿನ ಹೊಂಡ ಹಾಲು ಉಕ್ಕಿದಂತೆ ಉಕ್ಕಿತ್ತು. ಅದರ ವಾಸನೆಗೆ ರಾಯಾಪುರದ ನಾಯಿಗಳು ಹುಬ್ಬಳ್ಳಿಗೆ ವಲಸೆ ಹೋದವು. ಧಾರವಾಡದಲ್ಲಿ ರಾಯರ ಮನೆಯ ತಂಬೂರಿ ತಾನಾಗಿಯೇ ಶ್ರುತಿ ಇಳಿಸಿಕೊಂಡಿತು. ನಗುವ ಮಾತು ಇಲ್ಲಿಗೆ ಮುಗಿಯಿತು. ರಾಡಿ ಬರೀ ನೀರಾಗಿತ್ತು. ಎರೆ ಉಬ್ಬಿತ್ತು, ಗರಸು ಕುಸಿದಿತ್ತು, ಕೊಳವೆ ಕಚ್ಚಿಕೊಂಡಿತ್ತು. ನಾವೆಲ್ಲ ಗೋಲಿಗೆ ಜೋತುಬಿದ್ದರೂ ಅದು ಕೂದಲೆಳೆಯಷ್ಟು ಸರಿಯಲಿಲ್ಲ. ಹುಚ್ಚಪ್ಪ ಕಿವಿಯಿಟ್ಟು ಕೇಳಿ ಎದ್ದು ನಿಂತ.

"ಯಕ್ಕಾ, ನಿನ್ನ ಗಂಜಿ ಸತ್ತೈತಿ," ಎಂದ.

ಆಕೆ ಹುಳಿಗಡಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಉಣಕಲ್ಲಿನ ದಾರಿ ಹಿಡಿದಳು. ಮನೆಗೆ ಹೋದರೆ ಶಿದ್ದಪ್ಪ ಆಗಲೇ ಸುದ್ದಿ ಕೇಳಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಗೆದ್ದೆನೆಂದು ಹಿಗ್ಗುವ ಮುಖ ಅವನದಾಗಿರಲಿಲ್ಲ, ಅದೇ ಆಕೆಗೆ ಹೆಚ್ಚು ಚುಚ್ಚಿತು. ರಜೆ ಮುಗಿಯಲಿಕ್ಕೆ ಬಂದಿತ್ತು. ಬೇಕಾದ್ದನ್ನು ತೆಗೆದಿಡು ಎಂದು ಹೇಳಿ ಚೀಲದ ಬಾಯಿ ಕಟ್ಟಿದ.

ಆಕೆ ಒಳಗೆ ಕೂಡಲಾರದೆ ಪಕ್ಕದ ಮನೆಯ ಬಿಬಿಜಾನಳ ಹತ್ತಿರ ಹೋದಳು. ಬಿಬಿಜಾನಳದು ಮನೆಗಳಿಗೆ ಸುಣ್ಣ ಹಚ್ಚುವ ಕೆಲಸ. ಗೋಡೆಯ ಸುಣ್ಣ ಕೈಗೆ ಹತ್ತಬಾರದೆಂದು ಹುಲಿಗೆವ್ವನ ಮನೆಯಿಂದ ಗಂಜಿ ಒಯ್ದು ಸುಣ್ಣದ ನೀರಿಗೆ ಬೆರೆಸುವುದು ರೂಢಿ. ಇಬ್ಬರೂ ಜಗಳವಾಡುತ್ತಲೇ ಮುದುಕಿಯರಾಗುತ್ತಿದ್ದ ಗೆಳತಿಯರು. ಅಂದು ಬಿಬಿಜಾನ ಹಿತ್ತಿಲಲ್ಲಿ ಒಂದು ಹಳೆಯ ಮಣ್ಣಿನ ಹರವಿಯನ್ನು ಕಲಕುತ್ತಿದ್ದಳು.

"ಯಾವಾಗಿನ ಸುಣ್ಣ ಅದು?" ಎಂದು ಹುಲಿಗೆವ್ವ ಸುಮ್ಮನೆ ಕೇಳಿದಳು.

"ದೀಪಾವಳಿದು. ಉಳದಿತ್ತು."

"ನನ್ನ ಗಂಜಿ ಹಾಕಿದ್ದೇನು?"

"ಹೂಂ. ನಿಂದ."

ಹುಲಿಗೆವ್ವ ಬಗ್ಗಿ ಮೂಸಿದಳು. ಹುಳಿಯ ವಾಸನೆ ಇರಲಿಲ್ಲ. ಬೆರಳು ಅದ್ದಿ ಎತ್ತಿದಳು, ಎಳೆ ಬಂತು. ದೀಪಾವಳಿಯಿಂದ ಬೇಸಿಗೆಯವರೆಗೆ ಕೂತ ಗಂಜಿ ಇನ್ನೂ ಎಳೆ ಬಿಡುತ್ತಿತ್ತು.

"ಇದ್ಯಾಕ ಕೆಟ್ಟಿಲ್ಲ?"

"ನಿನ್ನ ಮನ್ಯಾಗ ಹುಳಿ ಆಗೂದು ನನ್ನ ಮನ್ಯಾಗ ಆಗಂಗಿಲ್ಲ," ಎಂದಳು ಬಿಬಿಜಾನ. "ಮನಿ ಗುಣನವ್ವಾ. ನಿನ್ನ ಬಾಯಿ ಗಾಳಿ ಇಲ್ಲೀತನಾ ಬರಂಗಿಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಇಡೀ ಓಣಿ ಸೇರುವಂಥ ಜಗಳವಾಗುತ್ತಿತ್ತು. ಹುಲಿಗೆವ್ವ ಆ ಸುಣ್ಣವನ್ನು ಒಂದು ತಂಬಿಗೆ ತುಂಬಿಕೊಂಡು, ಸೆರಗಿನಿಂದ ಮುಚ್ಚಿ, ಬಂದ ದಾರಿಯಲ್ಲೇ ರಾಯಾಪುರಕ್ಕೆ ತಿರುಗಿ ನಡೆದಳು.

ರಾಯರು ಕಚ್ಚಿಕೊಂಡ ಕೊಳವೆಯ ಪಕ್ಕ ತಲೆಗೆ ಕೈಹಚ್ಚಿ ಕೂತಿದ್ದರು. ತಂಬಿಗೆ ನೋಡಿ ಎದ್ದು ನಿಂತರು. ಕಣ್ಣಿಗೆ ಕಾಣದ ಹುಳುಗಳು ಗಂಜಿಯ ಎಳೆಗಳನ್ನು ತುಂಡು ತುಂಡು ಮಾಡಿ ತಿನ್ನುತ್ತವೆ, ಹುಳಿತವೆಂದರೆ ಅದೇ, ಸುಣ್ಣದ ಖಾರದಲ್ಲಿ ಅವು ಬದುಕಲಾರವು ಎಂದು ವಿವರಿಸಿದರು. ಗಂಜಿ ಬೆರೆಸಲು ಹೇಳಿದವನು ನಾನು, ಎಷ್ಟು ದಿನ ಬಾಳಬೇಕೆಂದು ಹೇಳಲಿಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಹುಚ್ಚಪ್ಪ ಮಾತ್ರ ಮೊದಲು ಸಣ್ಣದಾಗಿ ನೋಡೋಣ ಎಂದ. ಒಂದು ಬಕೀಟಿನಷ್ಟು ರಾಡಿಗೆ ಗಟ್ಟಿ ಸುಣ್ಣ ಹಾಕಿದರೆ ಅದು ಒಡೆದ ಹಾಲಿನ ಹಾಗೆ ಗರಣೆಗಟ್ಟಿತು. ಎಲ್ಲರ ಮುಖ ಇಳಿಯಿತು. ಹುಲಿಗೆವ್ವ ಇನ್ನೊಂದು ಬಕೀಟು ತರಿಸಿ, ಈ ಸಲ ಸುಣ್ಣದ ಮೇಲೆ ನಿಂತ ತಿಳಿನೀರನ್ನಷ್ಟೇ ಬಾಗಿಸಿ ಹಾಕಿದಳು. ರಾಡಿ ಒಡೆಯಲಿಲ್ಲ. ಎರೆಯ ಒಂದು ಹೆಂಟೆಯನ್ನು ಅದರಲ್ಲಿ ಮುಳುಗಿಸಿಟ್ಟರು. ಬರೀ ನೀರಿನಲ್ಲಿಟ್ಟ ಹೆಂಟೆ ಕರಗಿ ಅಂಬಲಿಯಾಯಿತು, ಇದು ಸಂಜೆಯವರೆಗೂ ಹೆಂಟೆಯಾಗಿಯೇ ಕೂತಿತು.

ಇಷ್ಟಾದ ಮೇಲೂ ರಾಯರು ಒಂದು ಮಾತು ಹೇಳಲಿಕ್ಕೆ ಹಿಂದೆಮುಂದೆ ನೋಡಿದರು. ಕೊನೆಗೆ ಹೇಳಿದರು.

"ಆ ಹುಳಿಗಡಿಗಿ ಮುಟ್ಟಿದ ಸೌಟು ಸುದ್ದಾ ಇದರ ಹತ್ರ ಬರಬಾರ್ದು ಹುಲಿಗೆವ್ವ. ಅದರಾಗಿನ ಒಂದ ಹನಿ ಸಾಕು, ಮತ್ತ ಎಲ್ಲಾ ಸುರು ಆಗ್ತದ."

ಆಕೆಯ ಮನೆಯಲ್ಲಿ ಆ ಗಡಿಗೆ ಮುಟ್ಟದ ಪಾತ್ರೆ ಯಾವುದಿತ್ತು? ಕೊಪ್ಪರಿಗೆ, ಸೌಟು, ಹರವಿ, ಎಲ್ಲಕ್ಕೂ ಅದರದೇ ಉಸಿರು. ಹುಲಿಗೆವ್ವ ಮನೆಗೆ ಬಂದು ಅಂಗಳದಲ್ಲಿ ದೊಡ್ಡ ಒಲೆ ಹೂಡಿ ನೀರು ಕಾಯಿಸಿದಳು. ಮೊದಲು ಕೊಪ್ಪರಿಗೆ ತಿಕ್ಕಿದಳು, ಆಮೇಲೆ ಸೌಟು. ಕೊನೆಗೆ ಹುಳಿಗಡಿಗೆ ಉಳಿಯಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಶಿದ್ದಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅದು ಅತ್ತಿದಲ್ಲಾ ಅಕ್ಕಾ?" ಎಂದ. "ತೊಳೀಬ್ಯಾಡ. ಮೂಲ್ಯಾಗ ಇರ್ಲಿ ಬಿಡು."

"ಮೂಲ್ಯಾಗ ಇಟ್ರ ನನ್ನ ಕೈ ಅದರ ಕಡೀಗೇ ಹೊಕ್ಕೈತೋ. ನಾಕು ದಿನಕ್ಕ ಮತ್ತ ಒಂದು ಸೌಟು ಹಾಕ್ತೇನಿ, ನನಗ ಗೊತ್ತೈತಿ." ಆಮೇಲೆ ಗಡಿಗೆಗೇ ಹೇಳಿದಳು, "ಅತ್ತಿ, ನಿನ್ನ ಹುಳಿ ಕಂಬಳಿ ಉಣ್ಣಿಗೆ ಭಾಳ ಚಲೋ. ಈ ಕೆಲಸಕ್ಕ ಬರಂಗಿಲ್ಲ."

ತಳದಲ್ಲಿ ಉಳಿದಿದ್ದನ್ನು ಊರಲ್ಲಿ ಇನ್ನೂ ಮಗ್ಗ ನಡೆಸುತ್ತಿದ್ದ ಒಬ್ಬ ನೇಕಾರನಿಗೆ ಕೊಟ್ಟು ಕಳಿಸಿದಳು. ಗಡಿಗೆಗೆ ಕುದಿನೀರು ಹೊಯ್ದಳು, ಸುಣ್ಣ ಹಚ್ಚಿ ತಿಕ್ಕಿದಳು. ಒಳಗಿನಿಂದ ಕಪ್ಪು ಸಿಪ್ಪೆ ಪದರುಪದರಾಗಿ ಎದ್ದುಬಂತು. ಶಿದ್ದಪ್ಪ ಕೊಡ ತೆಗೆದುಕೊಂಡು ಕೆರೆಗೆ ಹೋಗಿ ನೀರು ತಂದು ಹೊಯ್ಯಲಿಕ್ಕೆ ನಿಂತ. ಗಿರಣಿಯ ಕೆಲಸಕ್ಕೆ ಹೋದಮೇಲೆ ಅವನು ನೀರು ಹೊತ್ತದ್ದು ಅದೇ ಮೊದಲಂತೆ.

ನಾವು ರಾಯಾಪುರದಲ್ಲಿ ಹೊಂಡದ ಕೊಳೆತ ರಾಡಿಯನ್ನೆಲ್ಲ ಎತ್ತಿ ಚೆಲ್ಲಿ, ಹೊಂಡದ ಒಳಮೈಗೆ ಸುಣ್ಣ ಹಚ್ಚಿದೆವು. ಹೊಸ ಗಂಜಿ, ಸುಣ್ಣದ ತಿಳಿ, ಹೊಸ ಮಣ್ಣು. ಬಿಬಿಜಾನ ಸುಣ್ಣ ನೋಡಿಕೊಳ್ಳಲಿಕ್ಕೆ ತಾನೇ ಬಂದಳು, ಬೇರೆಯವರ ಮೇಲೆ ಆಕೆಗೆ ಭರವಸೆ ಇರಲಿಲ್ಲ. ಹುಚ್ಚಪ್ಪ ಪಂಪನ್ನು ಮೆಲ್ಲಗೆ ಒತ್ತಿಸಿದ. ಯಾರೂ ಜಗ್ಗಬೇಡಿ, ಭೂಮಿ ತಾನಾಗಿ ಬಾಯಿ ಬಿಡಲಿ ಎಂದ. ಬಹಳ ಹೊತ್ತು ಮೇಲೆ ಏನೂ ಬರಲಿಲ್ಲ. ಆಮೇಲೆ ಕೊಳವೆಯ ಸುತ್ತ ಬೆಳ್ಳಗಿನ ರಾಡಿ ಒಂದು ಬಳೆಯ ಹಾಗೆ ಕಾಣಿಸಿತು. ಹುಚ್ಚಪ್ಪ ಕೈ ಎತ್ತಿದ. ನಾವು ಗೋಲಿಗೆ ಎದೆ ಕೊಟ್ಟೆವು. ಕೊಳವೆ ಒಮ್ಮೆ ನರಳಿ, ತಿರುಗಿತು.

ಅದಾದಮೇಲೆ ತೂತು ಮುಚ್ಚಲಿಲ್ಲ. ಬೇಸಿಗೆಯ ಬಿಸಿಲು ಹೊಂಡದ ಮೇಲೆ ಬಿದ್ದರೂ ರಾಡಿಗೆ ಒಂದು ಗುಳ್ಳೆ ಬರಲಿಲ್ಲ. ಬಂಡೆ ಸಿಕ್ಕಿತು, ಬಂಡೆಯ ಬಿರುಕಿನಲ್ಲಿ ನೀರು ಸಿಕ್ಕಿತು. ಜಿನ್ನಿನವರು, ರಾಯರು, ನಾವು ಎಲ್ಲರೂ ನೀರಿನ ಸುತ್ತ ನೆರೆದು ಮುಖಕ್ಕೆ ಎರಚಿಕೊಳ್ಳುತ್ತಿದ್ದೆವು. ಹುಲಿಗೆವ್ವ ಹೊಂಡದ ಹತ್ತಿರ ಕೂತು ಉಳಿದ ರಾಡಿಯನ್ನು ಬೆರಳಿನಿಂದ ಎತ್ತಿ ಎತ್ತಿ ನೋಡುತ್ತಿದ್ದಳು. ಇನ್ನೂ ಎಳೆ ಬಿಡುತ್ತಿದೆ, ಚೆಲ್ಲಬೇಡಿರಿ, ಮುಂದಿನ ಬಾವಿಗೆ ಒಯ್ಯೋಣ ಎಂದಳು. ಮುಂದಿನ ಬಾವಿ ಶಿರಗುಪ್ಪಿಯಲ್ಲಿ ಎಂದು ರಾಯರು ಆಗಲೇ ಹೇಳಿದ್ದರು.

ಅದರ ಮುಂದೆ ಯುದ್ಧದ ಕಾಲವೆಲ್ಲ ಆಕೆಯ ಕೊಪ್ಪರಿಗೆ ರಾಯರ ಯಂತ್ರದ ಹಿಂದೆ ಬಂಡಿಯಲ್ಲಿ ಊರೂರು ತಿರುಗಿತು. ಹುಣಸೆ ಬೀಜ ಉಗುಳುವ ಮಕ್ಕಳಿಗೆ, ಉಗುಳಬೇಡಿರಿ, ಅದು ನನ್ನ ಹೊಲದ ಬೆಳೆ ಎಂದು ಗದರಿಸುತ್ತಿದ್ದಳು.

ಶಿದ್ದಪ್ಪ ಮಾತ್ರ ರಜೆ ತೀರಿದ ಮೇಲೂ ನಾಲ್ಕು ದಿನ ನಿಂತು, ನೀರು ನೋಡಿಯೇ ಹೊರಟ. ಗದಗಿನ ಗಾಡಿಗೆ ಅವನನ್ನು ಬಿಡಲಿಕ್ಕೆ ಹುಲಿಗೆವ್ವ ಹುಬ್ಬಳ್ಳಿ ಸ್ಟೇಷನ್ನಿಗೆ ಬಂದಳು. ಅವನು ಕಿಟಕಿಯಲ್ಲಿ ಕೂತು, ಇನ್ನೂ ಒಮ್ಮೆ, ಬರುವುದಿಲ್ಲವೇ ಎಂದು ಕೇಳಿದ.

"ಬರ್ತೇನೋ, ಯಾಕ ಬರಂಗಿಲ್ಲ?" ಎಂದಳು. "ನಾಗರ ಪಂಚಮಿಗೆ ಕರಿಯಾಕ ಬಾ. ಉಂಡಿ ಕಟ್ಟಿಸಿಡು, ಸೀರಿ ತಂದಿಡು. ನಿನ್ನ ಹೇಂತಿ ಮಾಡಿದ ಸಾರಿಗೆ ಉಪ್ಪು ಕಡಿಮಿ ಆದ್ರೂ ಎರಡು ದಿನ ಸುಮ್ನ ಉಣ್ತೇನಿ. ಮೂರನೇ ದಿನ ನನಗ ಕೆಲಸ ಇರ್ತೈತಿ."